ಇಲ್ಲದ ಸಾಲ ಹೊತ್ತ ಕಾರು

ನಾನೊಂದು ಪುಟ್ಟ ಕಾರು. ಬಣ್ಣ ತಿಳಿನೀಲಿ, ಈಗ ನೋಡಿದವರು ನಂಬಲಾರರು. ಹುಟ್ಟಿದ್ದು ಸಮುದ್ರದ ಗಾಳಿ ಬೀಸುವ ದೂರದ ಊರಿನ ಕಾರ್ಖಾನೆಯಲ್ಲಿ. ಆ ದಿನಗಳು ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಿವೆ. ಮೇಲಿನಿಂದ ತೇಲಿ ಬರುವ ಬಾಗಿಲುಗಳು, ಮಂಜಿನಂತೆ ಕವಿಯುವ ಬಣ್ಣ, ಎಂಜಿನ್ ಮೊದಲ ಸಲ ಗುನುಗಿದಾಗ ಮೈಯೆಲ್ಲ ಹರಡಿದ ಬಿಸಿ. ಆಮೇಲೆ ಉದ್ದನೆಯ ಲಾರಿಯೊಂದರ ಮೇಲೆ ನಿಂತು, ದಾರಿಯ ಮೋಡಗಳನ್ನೆಲ್ಲ ಗಾಜಿನಲ್ಲಿ ಹೊತ್ತುಕೊಂಡು ಗದಗಿಗೆ ಬಂದೆ.

ನನ್ನನ್ನು ಕೊಂಡವರು ಶಶಿರೇಖಾ ಕೊಪ್ಪದ, ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ. ನಲವತ್ತಾರನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತವರು. ಅವರ ತಾಯಿ ಚನ್ನಬಸವ್ವನ ಕಣ್ಣು ದಿನದಿನಕ್ಕೆ ಮಂದವಾಗುತ್ತಿತ್ತು. ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲೆಂದೇ ಶಶಿರೇಖಾ ಒಂದು ಫೈನಾನ್ಸ್ ಕಂಪನಿಯಲ್ಲಿ ಐದು ವರ್ಷದ ಸಾಲ ಮಾಡಿ ನನ್ನನ್ನು ತಂದರು.

ಎರಡು ವರ್ಷ ಆ ದಾರಿಯಲ್ಲೇ ಓಡಾಡಿದೆವು. ಕೊನೆಗೊಂದು ದಿನ ಕಣ್ಣು ಮರಳಿ ಬಾರದು, ಇನ್ನು ಬರುವುದು ಬೇಡವೆಂದರು ವೈದ್ಯರು. ಅಂದಿನಿಂದ ನಮ್ಮ ದಾರಿ ಬದಲಾಯಿತು. ಭಾನುವಾರ ಸಂಜೆ ಮೂವರೂ ಕಪ್ಪತಗುಡ್ಡದ ಕಡೆ ಹೋಗುತ್ತಿದ್ದೆವು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಳಿಯ ತೋಳುಗಳನ್ನು ನಿಧಾನವಾಗಿ ತಿರುಗಿಸುತ್ತಿದ್ದವು.

"ಇವತ್ತು ಯಾ ಬಣ್ಣ ಐತಿ?" ಎಂದು ಚನ್ನಬಸವ್ವ ಕೇಳುತ್ತಿದ್ದರು.

"ಕೆಳಗ ಕುಸುಬಿ ಹೂವಿನ ಬಣ್ಣ, ಮ್ಯಾಲ ಬೂದಿ," ಎನ್ನುತ್ತಿದ್ದರು ಮಗಳು. ತಾಯಿ ಕಣ್ಣು ಮುಚ್ಚಿ ಅದನ್ನು ನೋಡುತ್ತಿದ್ದರು. ನನಗೂ ಜೊಂಪು ಹತ್ತುತ್ತಿತ್ತು.

ಮೂರನೇ ವರ್ಷದ ಕೊನೆಗೆ ಶಶಿರೇಖಾ ಅವರಿಗೆ ಸಂಬಳದ ಹಳೆಯ ಬಾಕಿ ಒಟ್ಟಿಗೆ ಬಂತು. ಅವಧಿಗೆ ಮೊದಲೇ ಸಾಲ ತೀರಿಸಿಬಿಡಲು ನಿರ್ಧರಿಸಿದರು. ಕಂಪನಿ ಬರೆದುಕೊಟ್ಟಷ್ಟು ಹಣ ಕಟ್ಟಿ ರಸೀದಿ ಪಡೆದರು. ಮುಂದಿನ ಕಂತು ಖಾತೆಯಿಂದ ಹೋಗದಂತೆ ಬ್ಯಾಂಕಿಗೂ ಬರೆದುಕೊಟ್ಟರು. ಅಂದು ಮನೆಗೆ ಬಂದು ನನ್ನನ್ನು ತಾವೇ ತೊಳೆದರು.

ಮನೆ ಬೆಟಗೇರಿಯಲ್ಲಿತ್ತು. ಬಾಡಿಗೆಯದು, ಹದಿನೆಂಟು ವರ್ಷದ್ದು. ಚನ್ನಬಸವ್ವ ಅಲ್ಲಿ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಗೋಡೆಯ ಬಿರುಕು, ಸವೆದ ಹೊಸ್ತಿಲು, ನೀರಿನ ತೊಟ್ಟಿಯ ಮೂಲೆ, ಎಲ್ಲವೂ ಅವರ ಬೆರಳಿಗೆ ಗೊತ್ತಿದ್ದವು. ಮರುವರ್ಷ ಮನೆಯ ಯಜಮಾನ ಅಂದಾನೆಪ್ಪ ಬಂದರು.

"ಮನಿ ಮಾರಾಕತ್ತೀವ್ರಿ ಟೀಚರ. ಮೊದಲ ನಿಮಗ ಹೇಳೀನಿ. ಮೂರು ತಿಂಗಳ ಕಾಯ್ತೀನಿ."

ಶಶಿರೇಖಾ ಮರುದಿನವೇ ಗೃಹಸಾಲ ಕೇಳಲು ಬ್ಯಾಂಕಿಗೆ ಹೋದರು. ಹಿಂದಿನ ಸೀಟಿನಲ್ಲಿ ಕಾದಿದ್ದ ತಾಯಿಗೆ ಮರಳಿ ಬಂದು ಹೇಳಿದ್ದನ್ನು ನಾನೂ ಕೇಳಿದೆ.

"ಕಾರಿನ ಸಾಲ ಕಟ್ಟಿಲ್ಲ ಅಂತ ಐತಂತ ನನ್ನ ಹೆಸರಿಗೆ. ಹತ್ತು ತಿಂಗಳದಿಂದ ಬಾಕಿ ಉಳಿಸ್ಯಾಳ ಅಂತ. ಇಂಥಾಕಿಗೆ ಸಾಲ ಕೊಡಾಕ ಬರಂಗಿಲ್ಲಂತ."

"ಕಟ್ಟೀಯಲ್ಲವಾ?"

"ಕಟ್ಟೀನಿ."

ಹುಬ್ಬಳ್ಳಿಯ ಫೈನಾನ್ಸ್ ಕಚೇರಿಯಲ್ಲಿ ವಿಷಯ ತಿಳಿಯಿತು. ಸಾಲ ತೀರಿದ ಮೇಲೂ ಅವರು ಮುಂದಿನ ತಿಂಗಳ ಕಂತಿಗಾಗಿ ಬ್ಯಾಂಕಿಗೆ ಬೇಡಿಕೆ ಕಳಿಸಿದ್ದರು. ಕಂತು ವಾಪಸಾಯಿತು. ಅದಕ್ಕೆ ದಂಡ ಬಿತ್ತು, ದಂಡಕ್ಕೆ ಬಡ್ಡಿ ಬೆಳೆಯಿತು. ಅಲ್ಲಿನ ನೌಕರನೊಬ್ಬ ನಾನು ನಿಂತಿದ್ದ ಕಡೆಯವರೆಗೂ ಮಾತಾಡುತ್ತ ಬಂದ.

"ಇಷ್ಟ ರೊಕ್ಕಕ್ಕ ಯಾಕ ಅಡ್ಡಾಡ್ತೀರಿ ಮೇಡಂ? ಕಟ್ಟಿಬಿಡ್ರಿ, ಮುಗೀತೈತಿ."

"ಕಟ್ಟಿದ್ರ ತಪ್ಪು ನಂದ ಅಂತ ಒಪ್ಕೊಂಡಂಗ ಆಗ್ತೈತ್ರಿ. ತಪ್ಪು ನಂದಲ್ಲ."

ಬಾಗಿಲನ್ನು ಅವರು ಮೆತ್ತಗೆ ಹಾಕಿದರು. ಸಿಟ್ಟು ಬಂದಾಗ ಅವರು ಹಾಗೆಯೇ.

ಶಶಿರೇಖಾ ಕಂಪನಿಗೆ ಪತ್ರ ಬರೆದರು. ಉತ್ತರದ ಬದಲು ಒಂದು ಮಧ್ಯಾಹ್ನ ಶಾಲೆಯ ಬಳಿ ಇಬ್ಬರು ಗಂಡಸರು ಬಂದು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಬಾಕಿಗಾಗಿ ಕಾರು ಒಯ್ಯಲು ಕಂಪನಿಯ ಕಡೆಯಿಂದ ಬಂದಿದ್ದರು. ಶಶಿರೇಖಾ ಹೊರಬಂದವರೇ ಒಳಗೆ ಕೂತು ಬಾಗಿಲು ಭದ್ರ ಮಾಡಿಕೊಂಡರು. ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ರಸೀದಿ ತೋರಿಸಿದರು.

"ಓದ್ರಿ. ಪೂರ್ತಿ ಪಾವತಿ ಅಂತ ಐತಿ. ನಿಮ್ಮ ಸಾಹೇಬ್ರಿಗೆ ಫೋನ್ ಹಚ್ಚಿ ಓದಿ ಹೇಳ್ರಿ."

ಅವರು ಫೋನ್ ಮಾಡಿದರು. ಆ ಕಡೆಯಿಂದ ಏನು ಬಂತೋ, ಹೊರಟುಹೋದರು. ಶಶಿರೇಖಾ ರಸೀದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಗಾಜು ಏರಿಸಿದರು.

ಕಂಪನಿ ಬಾಯಿ ಬಿಡದಾಗ ಅವರು ರಿಸರ್ವ್ ಬ್ಯಾಂಕಿನ ದೂರು ವಿಭಾಗಕ್ಕೆ ರಸೀದಿಯ ಪ್ರತಿಯೊಂದಿಗೆ ಬರೆದರು. ಅಂದಾನೆಪ್ಪ ಮೂರು ತಿಂಗಳ ಮೇಲೆ ಮತ್ತೊಂದು ತಿಂಗಳು ಕಾದರು. ಆಮೇಲೆ ಬಂದು ನನಗೆ ಒರಗಿ ನಿಂತರು.

"ತಮ್ಮಂದಿರು ಕೇಳವಲ್ರು ಟೀಚರ. ಬ್ಯಾರೇದವರಿಗೆ ಮಾತು ಕೊಟ್ಟಾರ."

"ನೀವು ಕಾದ್ರಲ್ರಿ, ಅಷ್ಟ ಸಾಕು," ಎಂದರು ಶಶಿರೇಖಾ.

ಉತ್ತರ ಬಂದದ್ದು ಅದಾದ ಎರಡು ತಿಂಗಳಿಗೆ. ತಪ್ಪು ಕಂಪನಿಯದೇ ಎಂದು ತೀರ್ಮಾನವಾಗಿತ್ತು. ದಂಡವೆಲ್ಲ ರದ್ದು, ಶಶಿರೇಖಾರ ಹೆಸರಿನ ಮೇಲಿನ ಕಲೆ ತೆಗೆದುಹಾಕಲಾಗಿದೆ. ಶಶಿರೇಖಾ ಅದನ್ನು ನನ್ನೊಳಗೆ ಕೂತು ಓದಿದರು, ಮಡಚಿದರು, ಮತ್ತೆ ಬಿಡಿಸಿ ಓದಿದರು. "ಬರೇ ಎರಡು ಸಾಲು," ಎಂದು ತಮಗೆ ತಾವೇ ಹೇಳಿಕೊಂಡು ಅತ್ತರು. ಗೆದ್ದವರು ಹೀಗೂ ಅಳುತ್ತಾರೆಂದು ನನಗೆ ಅಂದೇ ತಿಳಿದದ್ದು.

ಈ ಸಲ ಸಾಲ ಸಿಕ್ಕಿತು. ಮುಳಗುಂದ ನಾಕಾದ ಆಚೆ ಎರಡು ಕೋಣೆಯ ಮನೆ ಕೊಂಡೆವು. ಆದರೆ ಅಲ್ಲಿ ಚನ್ನಬಸವ್ವನ ಬೆರಳುಗಳಿಗೆ ಯಾವುದೂ ಗೊತ್ತಿರಲಿಲ್ಲ. ಎರಡು ಸಲ ಬಿದ್ದರು. ಆಮೇಲೆ ಮಂಚ ಬಿಟ್ಟು ಏಳಲೊಲ್ಲೆ ಎಂದರು.

ಒಂದು ರಜೆಯ ದಿನ, ಎಳೆಬಿಸಿಲಲ್ಲಿ ಅವರು ತಾವಾಗಿಯೇ ಅಂಗಳಕ್ಕೆ ಬಂದರು. ಕೈ ಚಾಚಿ ಗಾಳಿಯಲ್ಲಿ ತಡಕುತ್ತ ಬಂದ ಬೆರಳುಗಳು ನನ್ನ ದೀಪಕ್ಕೆ ತಾಗಿದವು. ಅಲ್ಲಿಂದ ಬಾನೆಟ್ಟು, ಕನ್ನಡಿ, ತಾವು ಕೂರುತ್ತಿದ್ದ ಸೀಟಿನ ಬಾಗಿಲು.

"ಇದು ನಮ್ಮ ಕಾರಲ್ಲನ?" ಎಂದರು. ಬಾಗಿಲಲ್ಲಿ ನಿಂತಿದ್ದ ಮಗಳು, "ಹೌದವಾ," ಎಂದರು.

"ಇದರ ಹಿಂದಿನಿಂದ ಬಾಗಲಿಗೆ ಎಷ್ಟು ಹೆಜ್ಜಿ?"

"ಬಾ, ಎಣಸೂಣು."

ಏಳು ಹೆಜ್ಜೆ. ಅಂದಿನಿಂದ ಶಶಿರೇಖಾ ಶಾಲೆಯಿಂದ ಬಂದಾಗಲೆಲ್ಲ ನನ್ನನ್ನು ಅದೇ ಜಾಗದಲ್ಲಿ ನಿಲ್ಲಿಸಿದರು; ಆ ಮನೆಯನ್ನು ತಾಯಿ ನನ್ನಿಂದಲೇ ಕಲಿತರು.

ಈಗ ನಾನು ಓಡಿ ಮೂರು ವರ್ಷವಾಯಿತು. ಎಂಜಿನ್ ಸುಮ್ಮನಾಗಿದೆ, ಟೈರುಗಳು ನೆಲಕ್ಕೆ ಕೂತಿವೆ. ಹೋದ ತಿಂಗಳು ಗುಜರಿಯವನು ಗೇಟಿನಲ್ಲಿ ನಿಂತು ಒಳ್ಳೆಯ ಬೆಲೆ ಹೇಳಿದ.

"ಇಲ್ಲರಿ," ಎಂದರು ಶಶಿರೇಖಾ. "ಅದು ಹೋದ್ರ ನಮ್ಮವ್ವಗ ಮನಿ ಬಾಗಲ ಸಿಗಂಗಿಲ್ಲ."

ಬೆಳಿಗ್ಗೆ ಬಿಸಿಲು ನನ್ನ ಬೆನ್ನೇರುವ ಹೊತ್ತಿಗೆ ಆ ಒಣಗಿದ ಅಂಗೈ ನನ್ನ ಮೇಲೆ ಸರಿದು ಹೋಗುತ್ತದೆ. ಬಣ್ಣ ಎದ್ದ ಕಡೆ ಒಂದಿಷ್ಟು ನಿಲ್ಲುತ್ತದೆ. ನಾನು ಅಲುಗಾಡದೆ ನಿಂತಿರುತ್ತೇನೆ. ಮುಪ್ಪಾದ ಮೇಲೆ ನನಗೆ ಬಂದ ಕೆಲಸ ಇಷ್ಟೇ. ಇದರಲ್ಲಿ ನಾನು ಒಂದು ದಿನವೂ ತಪ್ಪಿಲ್ಲ.