ಮೆಟ್ಟಿಲ ಬುಡದ ಎರಡು ನಿಮಿಷ

ಸುನಾಮಿ ಬಂದರೆ ಗುಡ್ಡಕ್ಕೆ ಓಡಿ ಪಾರಾಗುವ ತರಬೇತಿ ಒಂದು ಮೀನುಗಾರರ ಊರಿನಲ್ಲಿ ಮೂರು ವರ್ಷ ನಡೆದಿತ್ತು. ಅದರ ಫಲವನ್ನು ಅಳೆದವಳು ಅದೇ ಊರಿನ ಮಗಳು ಚಿಗುಸಾ. ಊರಿನ ಸಭೆಯಲ್ಲಿ ಅವಳು ಎದ್ದು ನಿಂತು ವರದಿ ಓದಿದಳು.

“ಭೂಮಿ ನಡುಗಿದ ಹನ್ನೆರಡು ನಿಮಿಷಕ್ಕೆ ಅಲೆ ಬರುತ್ತೆ. ತರಬೇತೀಲಿ ನೀವು ಗುಡ್ಡ ಹತ್ತೋಕೆ ಹದಿನಾಲ್ಕು ತಗೊಂಡ್ರಿ. ಗುಡ್ಡದ ಮೆಟ್ಟಿಲ ಬುಡದಲ್ಲಿ ‘ನೀವು ಮೊದಲು, ನೀವು ಮೊದಲು’ ಅಂತ ಬಗ್ಗಿ ನಿಂತಿದ್ದಕ್ಕೇ ಎರಡು ನಿಮಿಷ ಹೋಯ್ತು.”

“ಮತ್ತೆ, ಹಿರಿಯರನ್ನ ತಳ್ಕೊಂಡು ಹತ್ತಬೇಕಿತ್ತೇನಮ್ಮ?” ಎಂದ ಮುದುಕ ಗೆಂಪಾಚಿ. ಎಲ್ಲರೂ ನಕ್ಕರು.

“ಹೌದಜ್ಜ, ತಳ್ಳಲೇಬೇಕು!”

ಸಭೆ ಮುಗಿಯಿತು. ಬಾಗಿಲಲ್ಲಿ ಗೆಂಪಾಚಿ ಪಕ್ಕಕ್ಕೆ ಸರಿದು ಚಿಗುಸಾಳ ತಾಯಿಗೆ ತಲೆಬಾಗಿದ. ಆಕೆಯೂ ಬಾಗಿ, “ನೀವು ಮೊದಲು” ಎಂದಳು. ಹಿಂದೆ ನಲವತ್ತು ಜನ ತಾಳ್ಮೆಯಿಂದ ಕಾದು ನಿಂತರು.

ಚಿಗುಸಾ ಗೋಡೆಯ ಗಡಿಯಾರ ನೋಡಿದಳು. ದೇವರೇ, ಇವರನ್ನು ನೀನೇ ಕಾಯಬೇಕು ಎಂದು ಕೈಮುಗಿದಳು.