ಕರೆದವರು ನಿಲ್ಲಬೇಕು

ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದ ದೊಡ್ಡಮ್ಮನ ಕಣ್ಣು ಬಾಗಿಲಿನ ಕಡೆಗೇ ಇತ್ತು. ಆಸ್ಪತ್ರೆಯ ಲಾಂಡ್ರಿ ಬಾಗಿಲಲ್ಲಿ ಸೂಪರ್‌ವೈಸರಮ್ಮ ಕೈಕಟ್ಟಿ ನಿಂತಿದ್ದಳು. ದೊಡ್ಡಮ್ಮನ ಭುಜ ಹಿಡಿದುಕೊಂಡಿದೆ, ಕೈ ಎದೆಮಟ್ಟಕ್ಕಿಂತ ಮೇಲೇಳದು ಎಂದು ಯಾವ ಪುಣ್ಯಾತ್ಮರೋ ಅವಳ ಕಿವಿ ಊದಿದ್ದರು. ಅದು ಕಣ್ಣಿಗೆ ಬಿದ್ದರೆ ಇವತ್ತಿಗೇ ಕೆಲಸ ಮುಗಿಯಿತು. ಮನೆಯಲ್ಲಿ ದುಡಿಯುವ ಕೈ ಅದೊಂದೇ.

ಶೀಟು ಮಡಿಸಲು ಅಲ್ಲಿನ ಹೆಂಗಸರದೇ ಒಂದು ಕಟ್ಟಳೆ. ಇಬ್ಬರು ಎಳೆದು ಹಿಡಿಯಬೇಕು. ಹಿರಿಯಳು ‘ಬಾ’ ಎನ್ನಬೇಕು. ಕಿರಿಯಳು ನಡೆದು ಬಂದು ತನ್ನ ಮೂಲೆಗಳನ್ನು ಒಪ್ಪಿಸುತ್ತಾಳೆ. ಕರೆದವಳು ನಿಂತಲ್ಲೇ ನಾಲ್ಕೂ ಮೂಲೆ ತಲೆಯ ಮೇಲೆತ್ತಿ ಹಿಡಿದರೆ, ಬಂದವಳು ಕೆಳಗೆ ಇಳಿಬಿದ್ದ ಮಡಿಕೆ ಹಿಡಿದು ಹಿಂದೆ ಸರಿಯುತ್ತಾಳೆ.

ಎದುರಿಗಿದ್ದವಳು ಬೇರೆ ಭಾಷೆಯ ಹುಡುಗಿ, ಎಲ್ಲರ ಬಾಯಲ್ಲಿ ಗುಬ್ಬಿ. ಬಂದ ಹೊಸತರಲ್ಲಿ ‘ಬಾ’ ಎಂದರೆ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟಿದ್ದಳು. ಅವಳ ಮನೆಯಲ್ಲಿ ಬಾ ಎಂದರೆ ತಾಯಿ. ಇಷ್ಟು ವಯಸ್ಸಾದ ಹೆಂಗಸು ನನ್ನನ್ನು ಹಿಡಿದು ಅಮ್ಮಾ ಅಂತಾಳಲ್ಲ, ತಲೆಗಿಲೆ ಕೆಟ್ಟಿದೆಯಾ ಅಂದುಕೊಂಡಳಂತೆ! ಹಿಂದೆ ಹಡಗಿನಲ್ಲಿ ದುಡಿದಿದ್ದ ಬಾಯ್ಲರಿನವನು, ಸಮುದ್ರದಾಚೆಯ ಒಂದು ಭಾಷೆಯಲ್ಲಿ ಅದು ಅಪ್ಪ ಎಂದು ತನ್ನದೂ ಒಂದು ಒಗ್ಗರಣೆ ಹಾಕಿದ್ದ. ಯಾರದನ್ನು ಯಾರು ಕದ್ದರೋ ಎಂದು ದೊಡ್ಡಮ್ಮ ನಕ್ಕಾಗ, ಯಾರೂ ಕದ್ದಿಲ್ಲ, ಅವರವರ ನೆಲದಲ್ಲಿ ಅವರವರದು ಮೊಳೆತಿದೆ ಎಂದಿದ್ದ. ಆಮೇಲೆ ಗುಬ್ಬಿಗೆ ಮಾತು ಕಲಿಸಿದವಳು, ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಅವಳ ಬೆರಳು ಸಿಗದಂತೆ ಕಾದವಳು ದೊಡ್ಡಮ್ಮನೇ.

"ಹ್ಞೂಂ, ಶುರು ಮಾಡಿ," ಎಂದಳು ಸೂಪರ್‌ವೈಸರಮ್ಮ.

ದೊಡ್ಡಮ್ಮ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕರೆದರೆ ನಿಲ್ಲಬೇಕು, ನಿಂತರೆ ಕೈ ಎತ್ತಬೇಕು.

ದೊಡ್ಡಮ್ಮನ ಭುಜದತ್ತ ಒಮ್ಮೆ ನೋಡಿ, ಆ ತುದಿಯಿಂದ ಗುಬ್ಬಿ ಕರೆದಳು: "ಬಾ."

ದೊಡ್ಡಮ್ಮನ ಕಾಲು ತಾನಾಗಿ ನಡೆಯಿತು. ಗುಬ್ಬಿ ಮೂಲೆಗಳನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮೇಲೆತ್ತಿದಳು. ದೊಡ್ಡಮ್ಮ ಮಡಿಕೆ ಹಿಡಿದು ಹಿಂದೆ ಸರಿದಳು.

"ಹಿರಿಯರಿಗೆ ಬನ್ನಿ ಅನ್ಬೇಕು ಅಂತ ಕಲಿಸಿಲ್ವಾ ಇವಳಿಗೆ?" ಸೂಪರ್‌ವೈಸರಮ್ಮ ಹುಬ್ಬು ಗಂಟಿಕ್ಕಿದಳು.

"ಇಲ್ಲಮ್ಮ. ಅದೊಂದು ಕಲಿಸೋದಿಲ್ಲ," ಎಂದಳು ದೊಡ್ಡಮ್ಮ.

ಶೀಟಿನ ಮೇಲೆ ಶೀಟು ಕೂತು ರಾಶಿ ಬೆಳೆಯಿತು. ಕೆಲಸವೇನೋ ಚೆನ್ನಾಗೇ ಓಡುತ್ತಿದೆ, ಜನ ಸುಮ್ಮನೆ ಏನೇನೋ ಹೇಳುತ್ತಾರೆ ಎಂದು ಗೊಣಗಿ ಸೂಪರ್‌ವೈಸರಮ್ಮ ಹೊರಟುಹೋದಳು. ಈ ಹುಡುಗಿಯ ಋಣ ಹೇಗೆ ತೀರಿಸಲಿ ಎಂದು ದೊಡ್ಡಮ್ಮನಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನೋಡುವವರು ಯಾರೂ ಇರಲಿಲ್ಲ. ಆದರೂ ಅವಳು ಹೊಸ ಶೀಟು ತೆಗೆದು, ಕಿರಿಯಳ ಜಾಗದಲ್ಲಿ ಹೋಗಿ ನಿಂತು, ಅಂಚನ್ನು ಎಳೆದು ಹಿಡಿದು, ಗುಬ್ಬಿ ಕರೆಯಲಿ ಎಂದು ಕಾದಳು.