ನಿಂತುಹೋದ ಕೈ

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ನಾನು ಹತ್ತಿದರೂ ಮೂರನೆಯ ತರಗತಿಯ ನಡುವೆ ಇಳಿದುಬಿಟ್ಟೆ. ಕಿವುಡರಿಗೆ ಕಲಿಸುವ ಕೈಭಾಷೆ ಅಂತ ಒಂದಿದೆಯಂತೆ, ನಮಗೆ ಅದು ಗೊತ್ತಿಲ್ಲ. ನಮ್ಮದು ನಾವೇ ಮಾಡಿಕೊಂಡದ್ದು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ನಲವತ್ತೊಂದು ವರ್ಷ ಇಬ್ಬರೂ ಎದುರುಬದುರು ನಿಂತು ಹಾಸಿಗೆಯ ಬಟ್ಟೆ ಮಡಿಸಿದೆವು. ಅವಳದೊಂದು ತುದಿ, ನನ್ನದೊಂದು ತುದಿ. ಕೈ ಎರಡೂ ಬಟ್ಟೆಯಲ್ಲಿದ್ದಾಗ ಹುಬ್ಬಿನಲ್ಲಿ, ಭುಜದಲ್ಲಿ ಮಾತಾಡುತ್ತಿದ್ದೆವು. ಕೈ ಬಿಡುವಾದಾಗ ಬೆರಳಿನಲ್ಲಿ. ಆ ಮಾತು ಬಲ್ಲವರು ಭೂಮಿಯ ಮೇಲೆ ನಾವಿಬ್ಬರೇ. ನನ್ನ ಮಗಳಿಗೂ ಅರ್ಧಂಬರ್ಧ.

ಒಂದೂವರೆ ವರ್ಷದ ಹಿಂದೆ ನಾನು ಮಹಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ಒಳಗೆ ಕಂಬಿ ಹಾಕಿದರು. ಮಗಳು ಸಿಟಿ ಬಸ್ಸಿನ ಡ್ರೈವರು. ಇಬ್ಬರು ಮುದುಕಿಯರನ್ನು ನೋಡಿಕೊಂಡು ಬಸ್ಸನ್ನೂ ಓಡಿಸು ಎಂದರೆ ಅವಳಿಗೆಷ್ಟು ಕೈ? ತಂಗಿಯನ್ನು ಒಂದು ಆರೈಕೆ ಮನೆಗೆ ಸೇರಿಸಿದೆವು. ಅದು ಇಲ್ಲಿಂದ ಒಂದು ಹಗಲಿನ ದಾರಿ. ಅಷ್ಟು ಹೊತ್ತು ಕೂತು ಹೋಗಬೇಡಿ ಎಂದು ಮೂಳೆಯ ಡಾಕ್ಟರು ನನಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ.

ಹಾಗಾಗಿ ದಿನವೂ ಸಂಜೆ ಐದಕ್ಕೆ ವೀಡಿಯೊ ಕರೆ. ಐದು ಎಂದರೆ ನಮ್ಮಲ್ಲಿ ಮುಷ್ಟಿ ಕಟ್ಟಿ ಕೆಳಗೆ ಜಗ್ಗುವುದು. ಲಾಂಡ್ರಿಯ ಸೈರನ್ನಿನ ಸರಪಳಿಯನ್ನು ಐದಕ್ಕೆ ಹಾಗೆ ಜಗ್ಗುತ್ತಿದ್ದರು. ಅವಳಿಗೆ ಸೈರನ್ ಕೇಳುತ್ತಿರಲಿಲ್ಲ, ಜಗ್ಗುವವನನ್ನು ನೋಡುತ್ತಿದ್ದಳು.

ಮೊದಲ ತಿಂಗಳುಗಳು ಚೆನ್ನಾಗಿಯೇ ನಡೆದವು. ಆಮೇಲೆ ಬೀದಿಯಲ್ಲಿ ಮನೆಗಳು ಹೆಚ್ಚಾದವು, ಎಲ್ಲರೂ ಅದೇ ಕಂಪನಿಯ ತಂತಿಗೆ ಜೋತುಬಿದ್ದರು, ಚಿತ್ರ ಕುಂಟತೊಡಗಿತು. ತಂಗಿಯ ಮುಖ ಚೌಕಚೌಕವಾಗಿ ಒಡೆಯುವುದು, ಕೈ ಗಾಳಿಯಲ್ಲೇ ನಿಂತುಬಿಡುವುದು. ಬೇರೆಯವರಿಗೆ ಚಿತ್ರ ನಿಂತರೂ ದನಿ ಬರುತ್ತದೆ. ನಮಗೆ ಚಿತ್ರವೇ ದನಿ. ಇನ್ನು ಮೊಬೈಲಿನ ಸಿಗ್ನಲ್ಲು, ಎರಡು ಎತ್ತರದ ಗೋದಾಮುಗಳ ನಡುವಿನ ನಮ್ಮ ಬೀದಿಗೆ ಮಾತಿನಷ್ಟು ಬರುತ್ತದೆ, ಚಿತ್ರದಷ್ಟು ಬರುವುದಿಲ್ಲ.

ಕಂಪನಿಗೆ ಫೋನು ಮಾಡಿದೆ.

"ನಿಮ್ಮ ಏರಿಯಾದಲ್ಲಿ ಅಪ್‌ಗ್ರೇಡ್ ಬರ್ತಾ ಇದೆ ಅಮ್ಮ. ಸ್ವಲ್ಪ ಕಾಯಿರಿ" ಎಂದ ಆ ಕಡೆಯವನು.

ಕಾದೆ. ಎಂಟು ತಿಂಗಳು ಕಾದೆ. ಪ್ರತಿ ಸಲವೂ ಬೇರೆ ದನಿ, ಅದೇ ಮಾತು. ಮುಂದಿನ ತಿಂಗಳು. ಹೊಸ ತಂತಿ ಬಂದಿದೆ, ಅಗೆಯಲು ಅನುಮತಿ ಬಂದಿಲ್ಲ. ಅನುಮತಿ ಬಂದಿದೆ, ಅಗೆಯುವವರು ಬಂದಿಲ್ಲ. ಒಬ್ಬನಂತೂ ನನಗೇ ಬುದ್ಧಿ ಹೇಳಿದ.

"ವೀಡಿಯೊ ಆಫ್ ಮಾಡಿ ಬರೀ ಮಾತಾಡಿ ಅಮ್ಮ, ಚೆನ್ನಾಗಿ ಕೇಳಿಸುತ್ತೆ."

"ಅವಳಿಗೆ ಕಿವಿ ಕೇಳಲ್ಲಪ್ಪ."

"ಹಾಗಾದ್ರೆ ಅವರ ಕಡೆ ವಾಲ್ಯೂಮ್ ಜಾಸ್ತಿ ಇಟ್ಕೊಳ್ಳೋಕೆ ಹೇಳಿ."

ನಾನು ಕೂಗಾಡುವವಳಲ್ಲ. ಕಿವಿ ಕೇಳದವಳ ಜೊತೆ ಬೆಳೆದವರಿಗೆ ಕೂಗಿ ಪ್ರಯೋಜನವಿಲ್ಲವೆಂದು ಬೇಗ ತಿಳಿಯುತ್ತದೆ. ಫೋನು ಕೆಳಗಿಟ್ಟು ಹಲ್ಲು ಕಚ್ಚಿದೆ, ಇರುವುದೇ ಒಂಬತ್ತು. ನನ್ನ ಸಿಟ್ಟು ಹಳೆಯ ಇಸ್ತ್ರಿಪೆಟ್ಟಿಗೆಯ ಹಾಗೆ. ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆರಲು ಅದರ ಎರಡರಷ್ಟು.

ಹೋದ ತಿಂಗಳು ಒಂದು ಸೋಮವಾರ ಆರೈಕೆ ಮನೆಯ ಮೇಲ್ವಿಚಾರಕಿ ಫೋನು ಮಾಡಿದರು.

"ನಿಮ್ಮ ತಂಗಿಯ ತಲೆ ಸ್ಥಿಮಿತದಲ್ಲಿಲ್ಲಮ್ಮ. ನಿನ್ನೆ ಸಂಜೆ ಕರೆಯ ಮಧ್ಯದಲ್ಲೇ ಲೋಟ ಎಸೆದು ಟ್ಯಾಬು ಒಡೆದ್ರು. ಊಟಾನೂ ಮಾಡಿಲ್ಲ. ಗುರುವಾರ ಹನ್ನೊಂದಕ್ಕೆ ಡಾಕ್ಟರು ಬಂದು ಪರೀಕ್ಷೆ ಮಾಡ್ತಾರೆ. ಬುದ್ಧಿ ಹೋಗಿದೆ ಅಂತ ಬರೆದ್ರೆ ಬೀಗದ ವಾರ್ಡಿಗೆ ಹಾಕಬೇಕಾಗುತ್ತೆ."

"ಅಲ್ಲಿಗೆ ಸಂಜೆ ಕರೆ ಮಾಡಬಹುದಾ?"

"ಇಲ್ಲ. ಆ ವಾರ್ಡಿಗೆ ಟ್ಯಾಬು, ಫೋನು ಏನೂ ಬಿಡಲ್ಲ."

ಅವಳು ಎಸೆದಾಗ ತೆರೆಯ ಮೇಲೆ ನಾನು ಹೇಗೆ ಕಾಣುತ್ತಿದ್ದೆ ಎಂದು ಕೇಳಿದೆ.

"ನೀವಾ? ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ರಿ. ತುಂಬಾ ಹೊತ್ತು."

ಆಗ ಅರ್ಥವಾಯಿತು. ಚಿಕ್ಕಂದಿನಲ್ಲಿ ಜಗಳವಾಡಿದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣಿನಲ್ಲಿ ಕೇಳುವವರ ಮುಂದೆ ಕಣ್ಣು ಮುಚ್ಚುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ನಾನು ರೆಪ್ಪೆ ಬಡಿದ ಗಳಿಗೆಯಲ್ಲೇ ಆ ದರಿದ್ರ ತಂತಿ ಚಿತ್ರವನ್ನು ನಿಲ್ಲಿಸಿಬಿಟ್ಟಿತ್ತು. ಅವಳು ಅಕ್ಕಾ ಅಕ್ಕಾ ಎಂದು ಕೈ ಬೀಸಿರಬೇಕು, ನಾನು ಕಲ್ಲಿನಂತೆ ಕೂತಿರಬೇಕು. ಲೋಟ ಎಸೆಯದೆ ಇನ್ನೇನು ಮಾಡುತ್ತಾಳೆ? ನಾನಾಗಿದ್ದರೆ ಬಿಂದಿಗೆಯನ್ನೇ ಎಸೆಯುತ್ತಿದ್ದೆ.

"ಪರೀಕ್ಷೆ ಹೊತ್ತಿಗೆ ನಾನು ಕರೆಯಲ್ಲಿ ಇರ್ತೀನಿ. ಅವಳು ಹೇಳಿದ್ದನ್ನ ನಾನು ಡಾಕ್ಟರಿಗೆ ಹೇಳ್ತೀನಿ" ಎಂದೆ.

"ಇರಿ. ಆದ್ರೆ ಲೈನ್ ಕಟ್ಟಾದ್ರೆ ಡಾಕ್ಟರು ಕಾಯಲ್ಲಮ್ಮ. ಅವತ್ತು ಇನ್ನೂ ಹದಿನಾರು ಜನ ಇದ್ದಾರೆ."

ಮಗಳು ಕಂಪನಿಯವರ ಜೊತೆ ಮುಕ್ಕಾಲು ಗಂಟೆ ಗುದ್ದಾಡಿ ಒಂದು ಮಾತು ಪಡೆದಳು. ಬುಧವಾರ ಖಂಡಿತ ರಿಪೇರಿಯವರು ಬರುತ್ತಾರೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಕುರ್ಚಿ ಹಾಕಿಕೊಂಡು ಕೂತೆ. ಬಚ್ಚಲಿಗೆ ಹೋಗುವಾಗಲೂ ಬಾಗಿಲು ತೆರೆದೇ ಇಟ್ಟೆ. ತರಕಾರಿಯವನು ಬಂದ, ಬೆಕ್ಕು ಬಂತು, ರಿಪೇರಿಯವನು ಬರಲಿಲ್ಲ. ಸಂಜೆ ಮಗಳ ಫೋನಿಗೆ ಕಂಪನಿಯಿಂದ ಸಂದೇಶ ಬಂತು. ಅವಳು ಓದಿದಳು.

"'ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಎಷ್ಟು ಕೊಡ್ಲಿ ಅಮ್ಮ?"

"ಮಟಮಟ ಮಧ್ಯಾಹ್ನ ಆಕಾಶದಲ್ಲಿ ಎಷ್ಟು ಕಾಣುತ್ತೋ ಅಷ್ಟು ಕೊಡು."

ಗುರುವಾರ ಮಗಳದು ಬೆಳಗಿನ ಪಾಳಿ, ರಜೆ ಸಿಗಲಿಲ್ಲ. ನಾನು ಒಂಬತ್ತಕ್ಕೆ ಕೋಲು ಹಿಡಿದು ಹೊರಟೆ. ಮೂರು ಬೀದಿ ಆಚೆ ಕಂಪನಿಯ ದೊಡ್ಡ ಅಂಗಡಿ. ಒಬ್ಬನನ್ನು ಕೈ ಹಿಡಿದಾದರೂ ಮನೆಗೆ ಎಳೆದುಕೊಂಡು ಬರಬೇಕು ಎಂಬುದಷ್ಟೇ ತಲೆಯಲ್ಲಿದ್ದುದು.

ಬಾಗಿಲಲ್ಲಿ ಯಂತ್ರ ಒಂದು ಚೀಟಿ ಉಗುಳಿತು. ನಲವತ್ತೇಳು. ಗೋಡೆಯ ಮೇಲೆ ಓಡುತ್ತಿದ್ದುದು ಹತ್ತೊಂಬತ್ತು. ಕೌಂಟರು ಐದು, ಕೂತವರು ಇಬ್ಬರು. ನನ್ನ ಪಕ್ಕದಲ್ಲಿ ನಮ್ಮ ಬೀದಿಯ ಕ್ಷೌರದಂಗಡಿಯವನು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಕೂತಿದ್ದ.

"ಏನಜ್ಜಿ, ನೀವೂ ಬಂದ್ರಾ? ಅಂಗಡೀಲಿ ಒಬ್ಬರ ಅರ್ಧ ಗಡ್ಡ ಕೆರೆದು ಬಂದಿದೀನಿ. ಇವರು ಕರೆಯೋ ಹೊತ್ತಿಗೆ ಆ ಅರ್ಧಾನೂ ಬೆಳೆದಿರುತ್ತೆ."

ನಗು ಬರಲಿಲ್ಲ. ಅವನಿಗೆ ವಿಷಯವನ್ನೆಲ್ಲ ಹೇಳಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಗೋಡೆಯ ಮೇಲೆ ಇಪ್ಪತ್ತೊಂಬತ್ತು. ಕೌಂಟರಿಗೇ ಹೋಗಿ ಹನ್ನೊಂದಕ್ಕೆ ನನ್ನ ತಂಗಿಯ ಪರೀಕ್ಷೆ ಇದೆ ಎಂದೆ. ಅಲ್ಲಿದ್ದವಳು ತಲೆ ಎತ್ತದೆ, "ನಂಬರ್ ಬಂದಾಗ ಬನ್ನಿ ಅಜ್ಜಿ" ಎಂದಳು.

ತಿರುಗಿದಾಗ ಕಂಡಿತು. ಅಂಗಡಿಯ ನಟ್ಟನಡುವೆ ಮೆತ್ತನೆಯ ಸೋಫಾ, ಎದುರಿಗೆ ಬಾಗಿಲಷ್ಟು ದೊಡ್ಡ ಟಿವಿ, ಅದರ ನೆತ್ತಿಗೆ ಒಂದು ಕ್ಯಾಮೆರಾ. ತೆರೆಯ ಮೇಲೆ ಮೀನುಗಳು ಎಲ್ಲೂ ತಡೆಯದೆ ಈಜುತ್ತಿದ್ದವು. ಕೆಳಗಿನ ಹಲಗೆಯನ್ನು ಅಕ್ಷರ ಕೂಡಿಸಿ ಓದಿದೆ. 'ನಮ್ಮ ವೇಗ ನೋಡಿ. ನಿಮ್ಮವರಿಗೆ ವೀಡಿಯೊ ಕರೆ ಮಾಡಿ. ಒಂದು ನಿಮಿಷ ಉಚಿತ.'

ಎಂಟು ತಿಂಗಳು ನಮಗಿಲ್ಲದ್ದು ಇಲ್ಲಿ ಮೀನಿಗೆ ಇತ್ತು. ಮೈಯೆಲ್ಲ ಉರಿದುಹೋಯಿತು. ಸೋಫಾದ ಮೇಲೆ ಕೂತೆ.

"ಅಪ್ಪಾ, ಈ ನಂಬರ್ ಒತ್ತು" ಎಂದು ಮೇಲ್ವಿಚಾರಕಿಯ ಫೋನ್ ನಂಬರು ಬರೆದಿದ್ದ ಚೀಟಿಯನ್ನು ಕ್ಷೌರದವನಿಗೆ ಕೊಟ್ಟೆ. ಅವನು ಒಂದು ಸಲ ಕೌಂಟರಿನ ಕಡೆ ನೋಡಿ, ಟವೆಲಿಗೆ ಕೈ ಒರೆಸಿಕೊಂಡು, ಒತ್ತಿದ.

ಮೊದಲು ಮೇಲ್ವಿಚಾರಕಿಯ ಮುಖ ಬಂತು, ಹಿಂದೆ ಡಾಕ್ಟರು. ಪಕ್ಕದ ಮಂಚದ ಮೇಲೆ ತಂಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ನನ್ನ ಬಾಗಿಲನ್ನು ನನಗೇ ತಿರುಗಿ ಹಾಕಿದ್ದಳು.

"ನೋಡಿ, ಸ್ಪಂದನೆ ಇಲ್ಲ" ಎಂದರು ಡಾಕ್ಟರು.

"ಅವಳ ಎಡ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿ" ಎಂದೆ. ಲಾಂಡ್ರಿಯಲ್ಲಿ ಇಸ್ತ್ರಿಯ ರೋಲರಿಗೆ ಬಟ್ಟೆ ಸಿಕ್ಕಿಕೊಂಡರೆ ನಾವು ಒಬ್ಬರನ್ನೊಬ್ಬರು ಹಾಗೆ ತಟ್ಟುತ್ತಿದ್ದೆವು. ಆಗ ಯಾವ ಜಗಳವಿದ್ದರೂ ತಿರುಗಲೇಬೇಕು, ಇಲ್ಲದಿದ್ದರೆ ಕೈ ಹೋಗುತ್ತದೆ.

ಮೇಲ್ವಿಚಾರಕಿ ತಟ್ಟಿದರು. ತಂಗಿ ಥಟ್ಟನೆ ಕಣ್ಣು ಬಿಟ್ಟಳು. ನನ್ನನ್ನು ಕಂಡಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕೈ ಎಲ್ಲೂ ಒಡೆಯದೆ ನನ್ನ ಮುಂದೆ ಓಡಿತು.

ಯಾಕೆ ಬಾಗಿಲು ಹಾಕಿದೆ? ನಾನೇನು ಮಾಡಿದ್ದೆ?

ನಾನಲ್ಲ, ಯಂತ್ರ, ಎಂದೆ ಕೈಯಲ್ಲಿ. ರೋಲರಿಗೆ ಸಿಕ್ಕಿಕೊಂಡಿತ್ತು.

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ಮೆಕ್ಯಾನಿಕ್ ಎಲ್ಲಿ?

ಬರ್ತಾನಂತೆ.

ಅವಳ ಭುಜ ಕುಣಿಯಿತು. ಲಾಂಡ್ರಿಯ ಮೆಕ್ಯಾನಿಕ್ಕೂ ನಲವತ್ತೊಂದು ವರ್ಷ ಬರುತ್ತಲೇ ಇದ್ದ.

ಡಾಕ್ಟರು ಪ್ರಶ್ನೆ ಶುರು ಮಾಡಿದರು. ಇದು ಯಾವ ತಿಂಗಳು ಎಂದು ಕೇಳಿ ಎಂದರು. ನಮ್ಮಲ್ಲಿ ತಿಂಗಳಿಗೆ ಗುರುತಿಲ್ಲ. ಕಂಬಳಿ ಒಗೆಯುವ ಕಾಲವೋ, ತೆಳು ಹೊದಿಕೆಯ ಕಾಲವೋ ಎಂದು ಕೇಳಿದೆ. ಕಂಬಳಿ ಮುಗಿದು ಹದಿನೈದು ದಿನ ಆಯಿತು, ಇಲ್ಲಿ ಇನ್ನೂ ಕಂಬಳಿ ಬದಲಾಯಿಸಿಲ್ಲ, ನಾರುತ್ತಿದೆ ಎಂದಳು. ಹಾಗೇ ಹೇಳಿದೆ. ಮೇಲ್ವಿಚಾರಕಿಯ ಮುಖ ಕೆಂಪಾಯಿತು.

ಆಮೇಲೆ ಡಾಕ್ಟರು ಒಂದು ಕಾಗದ ಕೊಟ್ಟರು. "ಇದನ್ನ ಅರ್ಧಕ್ಕೆ ಮಡಿಸಿ ನೆಲದ ಮೇಲೆ ಇಡಬೇಕು. ಹೇಳಿ."

ಹೇಳಿದೆ. ತಂಗಿ ಕಾಗದವನ್ನು ಬೆರಳಲ್ಲಿ ಸವರಿದಳು. ಮೂರು ಮಡಿಕೆ ಮಾಡಿ, ಅಂಚು ಒಳಕ್ಕೆ ಸೇರಿಸಿ, ಅಂಗೈಯಲ್ಲಿ ಒತ್ತಿ, ತೊಡೆಯ ಮೇಲೆ ಇಟ್ಟುಕೊಂಡಳು. ನೆಲಕ್ಕೆ ಇಡಲಿಲ್ಲ, ಬೆರಳು ಆಡಿಸತೊಡಗಿದಳು.

ಡಾಕ್ಟರು ತಲೆ ಅಲ್ಲಾಡಿಸಿ ಏನೋ ಬರೆಯತೊಡಗಿದರು.

"ಪೆನ್ನು ಎತ್ತಿ ಸ್ವಾಮಿ" ಎಂದೆ. ನನ್ನ ದನಿ ಅಂಗಡಿಯಲ್ಲೆಲ್ಲ ಕೇಳಿರಬೇಕು, ಕೌಂಟರಿನವಳು ಈಗ ತಲೆ ಎತ್ತಿದಳು. "ಅವಳು ಏನು ಹೇಳ್ತಿದಾಳೆ ಅಂತ ಕೇಳಿಸ್ಕೊಳ್ಳಿ. ಅರ್ಧಕ್ಕೆ ಮಡಿಸಿದ್ರೆ ಅಂಚು ಹೊರಗೆ ಕಾಣುತ್ತೆ, ಅದು ಮಡಿಕೆ ಅಲ್ಲ ಅಂತಾಳೆ. ಮಡಿಸಿದ ಬಟ್ಟೆ ನೆಲಕ್ಕೆ ಇಡೋನು ಆಸ್ಪತ್ರೇಲಿ ಇರಬಾರದು ಅಂತಾಳೆ. ನೆಲಕ್ಕೆ ಇಟ್ರೆ ಮತ್ತೆ ಒಗೀಬೇಕು, ನೀವು ಒಗೀತೀರಾ ಅಂತ ಕೇಳ್ತಿದಾಳೆ."

ಡಾಕ್ಟರು ತಂಗಿಯ ತೊಡೆಯ ಮೇಲಿದ್ದ ಕಾಗದವನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಎಲ್ಲಿಯೂ ಅಂಚು ಕಾಣುತ್ತಿರಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು.

"ಲೋಟ ಯಾಕೆ ಎಸೆದರು ಅಂತಲೂ ಹೇಳಿ" ಎಂದರು, ಈ ಸಲ ಮೆತ್ತಗೆ.

ಅದನ್ನೂ ಹೇಳುತ್ತಿರುವಾಗ ಟೈ ಕಟ್ಟಿದ ಒಬ್ಬನು ಬಂದು ಟಿವಿಗೆ ಅಡ್ಡ ನಿಂತ. ಅಂಗಡಿಯ ಮ್ಯಾನೇಜರು.

"ಅಜ್ಜಿ, ಇದು ಡೆಮೊ. ಒಂದೇ ನಿಮಿಷ. ನೀವು ಅರ್ಧ ಗಂಟೆಯಿಂದ ಕೂತಿದೀರಿ."

ಕೋಲಿನಿಂದ ಅವನ ಮೊಣಕಾಲನ್ನು ಪಕ್ಕಕ್ಕೆ ಸರಿಸಿದೆ.

"ಸ್ವಲ್ಪ ಕಾಯಿರಿ" ಎಂದೆ.

ಹಿಂದೆ ಕಾದು ಕೂತಿದ್ದವರು ನಕ್ಕರು. ಕ್ಷೌರದವನು ಮಾತ್ರ ನಗದೆ, "ಅಪ್‌ಗ್ರೇಡ್ ಬರ್ತಾ ಇದೆ ಸಾರ್" ಎಂದ.

ನಾಲ್ಕು ದಿನಕ್ಕೆ ಆರೈಕೆ ಮನೆಯ ಕಾಗದ ಬಂತು. ಬುದ್ಧಿ ಸರಿಯಾಗಿದೆ, ಈಗಿರುವ ಕೋಣೆಯಲ್ಲೇ ಇರಬಹುದು, ದಿನವೂ ಅಕ್ಕನ ಜೊತೆ ಮಾತಾಡಿಸಬೇಕು ಎಂದು ಡಾಕ್ಟರು ಬರೆದಿದ್ದರು. ದಿನವೂ ಎಂಬುದರ ಕೆಳಗೆ ಗೆರೆ ಎಳೆದಿದ್ದರು.

ನಮ್ಮ ಬೀದಿಯ ತಂತಿ ಇನ್ನೂ ಹಾಗೇ ಇದೆ. ಗುರುವಾರ ಕರೆ ಮುಗಿಯುವಾಗ ತಂಗಿ ಮುಷ್ಟಿ ಕಟ್ಟಿ ಕೆಳಗೆ ಜಗ್ಗಿ, ನಾಳೆ ಎಂದು ಕೇಳಿದ್ದಳು. ನಾನೂ ಜಗ್ಗಿದ್ದೆ. ಮಾತು ಕೊಟ್ಟ ಮೇಲೆ ಮುಗಿಯಿತು. ದಿನವೂ ಐದಕ್ಕೆ ಆ ಅಂಗಡಿಗೆ ಹೋಗುತ್ತೇನೆ. ಎರಡನೆಯ ದಿನ ಟೈಯವನು, "ನಾಳೆನೇ ನಿಮ್ಮ ಮನೆಗೆ ಜನ ಕಳಿಸ್ತೀನಿ ಅಜ್ಜಿ" ಎಂದ. ಯಾವ ನಾಳೆ ಎಂದು ಕೇಳಿದೆ. ಮೂರನೆಯ ದಿನ ಹಲಗೆಯ ಮೇಲೆ 'ಹೊಸ ಗ್ರಾಹಕರಿಗೆ ಮಾತ್ರ' ಎಂದು ಅಂಟಿಸಿದ. ನನಗೆ ಓದು ಅಷ್ಟಾಗಿ ಬರುವುದಿಲ್ಲವಪ್ಪ ಎಂದೆ. ಆರನೆಯ ದಿನ ಸೋಫಾವನ್ನೇ ತೆಗೆಸಿದ.

ಏಳನೆಯ ದಿನ ಮನೆಯಿಂದ ಮಡಿಸುವ ಕುರ್ಚಿ ತಂದೆ. ಅದು ಈಗ ಅಲ್ಲೇ, ಟಿವಿಯ ಪಕ್ಕದ ಗೋಡೆಗೆ ಒರಗಿಕೊಂಡಿದೆ. ಅದನ್ನು ಎತ್ತಿಡುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.